ಯಾರೂ ಮುಗಿಸದ ಮೇಕೆ ಮರಿಯ ಕಥೆ

ಮಕ್ಕಳಿಗೆ ಕಥೆ ಬರೆಯುವವರ ನೆನಪು ಶಾಲೆಗಳಿಗೆ ಬರುವುದು ದೊಡ್ಡ ಸಾಹಿತಿಗಳು ಸಿಗದಿದ್ದಾಗ, ಇಲ್ಲವೇ ಟೀಚರು ರಜೆ ಹಾಕಿದಾಗ. ಕಾಚಿಗೂಡ ಸ್ಟೇಷನ್ನಿನ ಹಿಂದಿನ ಗಲ್ಲಿಯಲ್ಲಿದ್ದ ಆ ಕನ್ನಡ ಶಾಲೆ ನನ್ನನ್ನು ಕರೆದದ್ದು ಎರಡನೆಯ ಕಾರಣಕ್ಕೆ. ನಾಲ್ಕನೇ ತರಗತಿಯ ಟೀಚರು ಹೆರಿಗೆಗೆ ಹೋಗಿದ್ದರು. "ಕಥಿ ಹೇಳ್ರಿ, ಬರಸ್ರಿ, ಏನರೆ ಮಾಡ್ರಿ. ಹುಡುಗ್ರು ಗದ್ದಲ ಹಾಕದಂಗ ನೋಡ್ಕೊಂಡ್ರ ಸಾಕು" ಎಂದು ಹೆಡ್‌ಮಿಸ್ಸು ಫೋನಿನಲ್ಲಿ ಹೇಳಿದರು. ಅವರು ಬೀದರ್ ಕಡೆಯವರು, ಮುಚ್ಚುಮರೆ ಇಲ್ಲದ ಹೆಂಗಸು. ನನಗೆ ಸ್ವಲ್ಪ ಅವಮಾನವಾಯಿತು. ಆದರೂ ಹೋದೆ, ಆ ವರ್ಷವೆಲ್ಲ ತಿಂಗಳಿಗೊಂದು ಶನಿವಾರ ಹೋಗುತ್ತಲೇ ಇದ್ದೆ.

ಹೈದರಾಬಾದಿನಲ್ಲಿ ಯಾರ ಬಾಯಲ್ಲಿ ಕೇಳಿದರೂ ಸಾಫ್ಟ್‌ವೇರ್ ಎನ್ನುತ್ತಿದ್ದ ಕಾಲ ಅದು. ಕೋಠಿಯ ಅಂಗಡಿಗಳಲ್ಲಿ ಕಥೆ ಪುಸ್ತಕಗಳಿದ್ದ ಜಾಗಕ್ಕೆ ದಪ್ಪ ದಪ್ಪ ಕಂಪ್ಯೂಟರ್ ಪುಸ್ತಕಗಳು ಬಂದು ಕೂತಿದ್ದವು. ನನ್ನ ಗಂಡ ರಕ್ಷಣಾ ಇಲಾಖೆಯ ಕಾರ್ಖಾನೆಯಲ್ಲಿದ್ದರು. ಕ್ವಾರ್ಟರ್ಸಿನ ನೆರೆಯವರು ನನ್ನನ್ನು ಕಂಡಾಗಲೆಲ್ಲ, "ಇನ್ನೂ ಇಲಿ, ಅಳಿಲು ಅಂತ ಬರೀತಾ ಇದ್ದೀರಾ?" ಎಂದು ನಗುತ್ತಿದ್ದರು. ನಗಲಿ ಬಿಡಿ. ಅವರ ಮಕ್ಕಳೇ ಸಂಜೆ ನಮ್ಮ ಮನೆಗೆ ಬಂದು ಅಳಿಲಿನ ಕಥೆ ಕೇಳಿಕೊಂಡು ಹೋಗುತ್ತಿದ್ದವು.

ಶಾಲೆಗಳಲ್ಲಿ ನನ್ನದೊಂದು ಪದ್ಧತಿಯಿತ್ತು. ಕಥೆಯನ್ನು ಅರ್ಧಕ್ಕೆ ಓದಿ ನಿಲ್ಲಿಸುವುದು. ಮುಂದಿನದನ್ನು ಮಕ್ಕಳೇ ಬರೆದು ಮುಗಿಸಬೇಕು. ಎಲ್ಲರೂ ಮುಗಿಸಿದ ಮೇಲೆ ನನ್ನ ಕೊನೆಯನ್ನು ನಾನು ಓದುತ್ತಿದ್ದೆ. ಕೊನೆಯ ವಿಷಯದಲ್ಲಿ ನಾನು ಭಾರೀ ಕಟ್ಟುನಿಟ್ಟು. ಮುಗಿಸದ ಕಥೆಯೆಂದರೆ ಒಗ್ಗರಣೆ ಹಾಕದ ಸಾರು ಎಂದು ಮಕ್ಕಳಿಗೆ ಹೇಳಿ ಹೇಳಿ ನನ್ನ ಬಾಯಿ ಸವೆದಿತ್ತು.

ಆ ಚಳಿಗಾಲದಲ್ಲಿ ನಾನು ತೆಗೆದುಕೊಂಡು ಹೋದದ್ದು ಒಂದು ಮೇಕೆ ಮರಿಯ ಕಥೆ. ಕಾಚಿಗೂಡ ಸ್ಟೇಷನ್ನಿನಲ್ಲಿ ಬಾಳೆಹಣ್ಣಿನ ಸಿಪ್ಪೆಯ ಆಸೆಗೆ ಅದು ಗುಂತಕಲ್ಲಿನ ಪ್ಯಾಸೆಂಜರ್ ಹತ್ತುತ್ತದೆ, ರೈಲು ಹೊರಡುತ್ತದೆ, ತಾಯಿ ಮೇಕೆ ಪ್ಲಾಟ್‌ಫಾರ್ಮಿನಲ್ಲೇ ಉಳಿಯುತ್ತದೆ. ಅಲ್ಲಿಗೆ ನಿಲ್ಲಿಸಿದೆ. "ಮುಂದೆ ಏನಾಯಿತು? ಮುಂದಿನ ಸಲ ಬಂದಾಗ ನೀವು ಹೇಳಬೇಕು."

ಮುಂದಿನ ಸಲ ಹೋದಾಗ ತರಗತಿಯಲ್ಲಿ ಒಬ್ಬರಾದರೂ ಕಥೆ ಮುಗಿಸಿರಲಿಲ್ಲ. ಬರೆದಿರಲಿಲ್ಲವೆಂದಲ್ಲ, ಪುಟಗಟ್ಟಲೆ ಬರೆದಿದ್ದರು. ಒಬ್ಬನ ಮೇಕೆ ಟಿಕೆಟ್ ಕಲೆಕ್ಟರನ ಟೋಪಿ ತಿಂದಿತ್ತು. ಇನ್ನೊಬ್ಬಳ ಮೇಕೆಯನ್ನು ಸಾಫ್ಟ್‌ವೇರ್ ಎಂಜಿನಿಯರ್ ಒಬ್ಬ ಬೇಗಂಪೇಟೆಗೆ ಕರೆದೊಯ್ದು ವಿಮಾನ ಹತ್ತಿಸಿದ್ದ. ಆದರೆ ವಿಮಾನ ಇಳಿದಿರಲಿಲ್ಲ. ಎಲ್ಲರ ಮರಿಗಳೂ ದಾರಿಯಲ್ಲೇ ಇದ್ದವು.

ನನಗೆ ರೇಗಿತು. "ಇದೇನು, ಎಲ್ಲರೂ ಸೇರಿ ಮುಷ್ಕರ ಹೂಡಿದ್ದೀರಾ?" ಎಂದು ಗದರಿದೆ. ಎಲ್ಲರೂ ಕಿಟಕಿಯ ಪಕ್ಕದ ಬೆಂಚಿನಲ್ಲಿದ್ದ ಒಬ್ಬ ಹುಡುಗಿಯ ಕಡೆ ನೋಡಿದರು. ತೆಳ್ಳಗಿನ ಹುಡುಗಿ, ಎರಡು ಜಡೆಗೂ ಬೇರೆ ಬೇರೆ ಬಣ್ಣದ ರಿಬ್ಬನ್. ಅವಳ ಕಥೆ ಎಲ್ಲರಿಗಿಂತ ಉದ್ದವಾಗಿತ್ತು. ಅವಳ ಮರಿ ಗುಂತಕಲ್ಲಿನಲ್ಲಿ ಇಳಿಯದೆ ರಾಯಚೂರು, ವಾಡಿ, ಸೊಲ್ಲಾಪುರ ದಾಟಿ ಪುಣೆಯ ಹತ್ತಿರ ಬಂದಿತ್ತು.

"ನೀನ್ಯಾಕೆ ಮುಗಿಸಿಲ್ಲ?"

ಅವಳು ತಲೆ ಎತ್ತಲಿಲ್ಲ. ಪಕ್ಕದವಳೇ ಉತ್ತರ ಕೊಟ್ಟಳು. "ಮುಗಸಬಾರದ್ರಿ ಮೇಡಂ. ಕಥಿ ಮುಗದ್ರ ಅಕಿ ಬಿಲ್ಡಿಂಗೂ ಮುಗೀತೈತಿ. ಅದ್ಕ ನಾವು ಯಾರೂ ಮುಗಸಿಲ್ರಿ."

ಕಿಟಕಿಯಾಚೆ ಶಾಲೆಯ ಗೋಡೆಗೆ ಒತ್ತಿಕೊಂಡಂತೆ ಒಂದು ಅಪಾರ್ಟ್‌ಮೆಂಟ್ ಏಳುತ್ತಿತ್ತು. ಹುಡುಗಿಯ ತಂದೆತಾಯಿ ಅಲ್ಲಿ ಕೆಲಸಕ್ಕಿದ್ದವರು, ಯಾದಗಿರಿ ಕಡೆಯಿಂದ ಬಂದವರು. ಕಟ್ಟುತ್ತಿದ್ದ ಆ ಕಟ್ಟಡವೇ ಅವರ ಮನೆ. ಕೆಳಗಿನ ಮಹಡಿಗೆ ಬಾಗಿಲು ಕೂಡಿಸಿದಾಗ ಮೇಲಿನದಕ್ಕೆ ಒಲೆ ಸಾಗಿಸುತ್ತಿದ್ದರು. ಬಣ್ಣ ಬಳಿದು ಮುಗಿಯಿತೆಂದರೆ ಗಂಟುಮೂಟೆ ಕಟ್ಟಿ ಬೇರೆ ಊರಿನ ಕೆಲಸಕ್ಕೆ ಹೋಗಬೇಕು. ಹಿಂದಿನ ವರ್ಷ ಹೀಗೇ ಪರೀಕ್ಷೆಗೆ ಮೊದಲು ಇನ್ನೊಂದು ಊರಿನ ಕಟ್ಟಡ ಮುಗಿದು, ಹುಡುಗಿ ನಾಲ್ಕನೇ ತರಗತಿಯಲ್ಲೇ ಉಳಿದಿದ್ದಳು. ಈ ಸಲವೂ ತಪ್ಪಿದರೆ ಶಾಲೆ ಬಿಡಿಸಿ ಕೆಲಸಕ್ಕೆ ಹಾಕುವುದೆಂದು ಅಪ್ಪ ಹೇಳಿದ್ದಾನೆಂದು ಹೆಡ್‌ಮಿಸ್ಸು ಆಮೇಲೆ ನನಗೆ ತಿಳಿಸಿದರು.

"ಪರೀಕ್ಷಾ ಆಗೂತನ ಬಿಲ್ಡಿಂಗ್ ನಿಂತ್ರ ಸಾಕ್ರಿ. ಆಮ್ಯಾಲ ಮುಗಸ್ತೀನಿ" ಎಂದಳು ಹುಡುಗಿ, ಈಗಲೂ ತಲೆ ತಗ್ಗಿಸಿಕೊಂಡೇ.

ಕಥೆಗೂ ಸಿಮೆಂಟಿಗೂ ಸಂಬಂಧವಿಲ್ಲ ಎಂದು ಬುದ್ಧಿ ಹೇಳಬಹುದಿತ್ತು. ಆದರೆ ತರಗತಿಗೆ ತರಗತಿಯೇ ನನ್ನನ್ನು ನೋಡುತ್ತಿತ್ತು. "ಇವತ್ತು ನಿಮ್ಮದೂ ಓದಬ್ಯಾಡ್ರಿ" ಎಂದು ಹಿಂದಿನ ಬೆಂಚಿನಿಂದ ಯಾರೋ ಬೇಡಿಕೊಂಡರು. ಚೀಲ ಮುಚ್ಚಿ, ಬದಲಿಗೆ ಒಂದು ಹಾಡು ಕಲಿಸಿ ಮನೆಗೆ ಹೋದೆ.

ಆಮೇಲಿನ ತಿಂಗಳುಗಳಲ್ಲಿ ಶಾಲೆಗೆ ಹೋದಾಗ ನಾನು ಮೊದಲು ನೋಡುತ್ತಿದ್ದದ್ದು ಕಿಟಕಿಯನ್ನೇ. ಕಟ್ಟಡ ನಮ್ಮ ಮಾತು ಕೇಳಲಿಲ್ಲ. ಗಿಲಾವು ಆಯಿತು, ಬಾಲ್ಕನಿಗಳಿಗೆ ಕಂಬಿ ಬಂತು. ಫ್ಲ್ಯಾಟ್ ಕೊಂಡವರು ಕಾರಿನಲ್ಲಿ ಬಂದು ತಮ್ಮ ಮಹಡಿಯನ್ನು ಬೆರಳು ಮಾಡಿ ತೋರಿಸುತ್ತಿದ್ದರು. ಹೊಸ ಮನೆ ಕೊಂಡ ಖುಷಿ ಅವರದು, ತಪ್ಪೇನಿಲ್ಲ. ಆದರೂ ಅವರನ್ನು ಕಂಡರೆ ನನಗೆ ಕಾರಣವಿಲ್ಲದ ಕೋಪ ಬರುತ್ತಿತ್ತು. ಹುಡುಗಿಯ ಮೇಕೆ ಮರಿ ಮಾತ್ರ ಪುಣೆಯಿಂದ ಮುಂಬಯಿಗೆ, ಅಲ್ಲಿಂದ ನಾನು ಹೆಸರೇ ಕೇಳದ ಊರುಗಳಿಗೆ ಹೋಗುತ್ತಲೇ ಇತ್ತು.

ಪರೀಕ್ಷೆ ಹತ್ತಿರ ಬಂದಾಗ ಹೊರಗಿನ ಬಣ್ಣವೂ ಮುಗಿಯಿತು. ಅಪ್ಪ ಮತ್ತು ಜೊತೆಯವರೆಲ್ಲ ಹೊಸ ಕೆಲಸಕ್ಕೆ ಪುಣೆಗೆ ಹೋದರು. ಅವ್ವ ಹೋಗಲಿಲ್ಲ. ನೆಲದ ಮೇಲೆ ಬಿದ್ದ ಬಣ್ಣ ಕೆರೆದು, ಕಿಟಕಿ ಗಾಜು ಒರೆಸಿ ಕೊಡುವ ಕೆಲಸಕ್ಕೆ ಒಬ್ಬಳೇ ನಿಂತಳು. ಹೆಚ್ಚೆಂದರೆ ಒಂದು ವಾರದ ಕೆಲಸ ಅದು.

ಆ ಶನಿವಾರ ನಾನು ಹೋದಾಗ ಅವ್ವ ಎದುರಿನ ಮಹಡಿಯಲ್ಲಿ ಗಾಜು ಒರೆಸುತ್ತಿದ್ದಳು. ಒರೆಸಿ, ಹಿಂದೆ ಸರಿದು ನೋಡಿ, ಬಟ್ಟೆಯನ್ನು ಬಕೆಟ್ಟಿನಲ್ಲಿ ಅದ್ದಿ, ಅದೇ ಗಾಜನ್ನು ಮತ್ತೆ ಒರೆಸಿದಳು. ಕೆಳಗೆ ಮೇಸ್ತ್ರಿ ಕೂಗಿದ: "ಏ ಅಮ್ಮಾ, ಎಷ್ಟ್ ದಿನಾ ಒರಸ್ತಿ? ಜಲ್ದಿ ಖಾಲಿ ಮಾಡ!"

"ಬಣ್ಣದ ಕಲಿ ಹೋಗವಲ್ದ್ರೀ ಸಾಹೇಬ್ರ!" ಎಂದು ಅವಳು ಮೇಲಿನಿಂದ ಕೂಗಿದಳು. ತರಗತಿಯ ಕಿಟಕಿಯಿಂದ ನೋಡಿದರೆ ಆ ಗಾಜು ಇದೆಯೋ ಇಲ್ಲವೋ ಎನ್ನುವಷ್ಟು ಸ್ವಚ್ಛವಾಗಿತ್ತು.

ಹೆಡ್‌ಮಿಸ್ಸು ನನ್ನ ಪಕ್ಕದಲ್ಲೇ ನಿಂತಿದ್ದರು. "ದಿನಾ ಹಿಂಗ ಮಾಡಾಕತ್ತಾಳ್ರಿ" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು. ಅವರು ಅಳುವುದನ್ನು ನಾನು ನೋಡಿದ್ದು ಅದೊಂದೇ ಸಲ.

ಹುಡುಗಿ ಎಲ್ಲ ಪರೀಕ್ಷೆಗಳನ್ನೂ ಬರೆದಳು. ಕೊನೆಯ ಪರೀಕ್ಷೆಯ ಮಧ್ಯಾಹ್ನ ಹೆಡ್‌ಮಿಸ್ಸು ಫೋನ್ ಮಾಡಿ, "ಅಕಿ ಇವತ್ತ ಸಂಜಿ ರೈಲಿಗೆ ಹೊಂಟಾಳ್ರಿ. ನಿಮಗ ಕಥಿ ಓದಿ ತೋರಸಿ ಹೋಗ್ತೀನಿ ಅಂತ ಕುಂತಾಳ" ಎಂದರು. ಆಟೋ ಹಿಡಿದು ಓಡಿದೆ.

ಖಾಲಿ ತರಗತಿಯಲ್ಲಿ ಅವಳು ತನ್ನ ಬೆಂಚಿನಲ್ಲೇ ಕೂತಿದ್ದಳು. ಅವ್ವ ಬಾಗಿಲಲ್ಲಿ ಗಂಟು ಹೊತ್ತು ನಿಂತಿದ್ದಳು. ಹುಡುಗಿ ಎದ್ದು ನಿಂತು ಓದಿದಳು. ಮರಿ ಎಲ್ಲ ಊರು ತಿರುಗಿ ಕಾಚಿಗೂಡಕ್ಕೆ ಬಂತು. ಅದರವ್ವ ಪ್ಲಾಟ್‌ಫಾರ್ಮಿನಾಗ ಇದ್ಲು. ಬಂದ ರೈಲಿನ ಕಿಟಕಿ ಎಲ್ಲಾ ಒಂದೊಂದಾಗಿ ಒರಸಿಕೋತ, ಒಳಗ ಮರಿ ಐತೇನಂತ ನೋಡಾಕತ್ತಿದ್ಲು. ಒಂದು ಕಿಟಕಿ ಒರಸಿದಾಗ ಮರಿ ಕಾಣಿಸ್ತು.

ಹಾಳೆ ಮಡಚಿ ನನ್ನ ಕೈಗಿಟ್ಟಳು. "ಈಗ ಮುಗೀತಲ್ರಿ ಮೇಡಂ?"

ಮುಗಿಸಿ ಮುಗಿಸಿ ಎಂದು ವರ್ಷವಿಡೀ ಅವರ ತಲೆ ತಿಂದವಳು ನಾನು. ಆದರೂ ಹಾಳೆಯನ್ನು ಅವಳಿಗೇ ವಾಪಸು ಕೊಟ್ಟೆ.

"ನನಗೆ ಸರಿಯಾಗಿ ಕೇಳಿಸಲಿಲ್ಲ ಪುಟ್ಟಾ. ಇನ್ನೊಂದು ಸಲ ಓದು, ಮೊದಲಿಂದ."

ಅವ್ವ ನನ್ನ ಮುಖ ನೋಡಿದಳು. ಆಮೇಲೆ ತಲೆಯ ಮೇಲಿನ ಗಂಟು ಇಳಿಸಿ, ಹೊಸ್ತಿಲ ಮೇಲೆ ಕೂತಳು.