ಏನೂ ಇಲ್ಲದ ಕಾವಲು

ಮನೆ ಒರೆಸುವ ನೀರಿಗೆ ಬೆರೆಸುವ ಹಸಿರು ಬಾಟಲಿಯೊಂದನ್ನು ಮೊನ್ನೆ ಅಂಗಡಿಯಿಂದ ತಂದಿದ್ದೆ. ಮುಚ್ಚಳ ತಿರುವಿದ ಕೂಡಲೇ ತುಮಕೂರಿನ ಸದಾಶಿವನಗರದ ನನ್ನ ಪುಟ್ಟ ಅಡುಗೆಮನೆಯ ತುಂಬ ಗಂಜಣಿ ಹುಲ್ಲಿನ ವಾಸನೆ ಎದ್ದಿತು. ಬಾಟಲಿಯ ಮೇಲೆ ನಿಂಬೆಹಣ್ಣಿನ ಚಿತ್ರವಿತ್ತು. ಚಿತ್ರ ನಂಬಿ ಮೋಸ ಹೋಗುವವಳು ನಾನಲ್ಲ. ಅದು ಹಾಗಲವಾಡಿಯ ಕಡೆ, ನಮ್ಮೂರ ಹಿಂದಿನ ಗುಡ್ಡದ ಮೇಲೆ ಸೊಂಟದೆತ್ತರ ಬೆಳೆಯುತ್ತಿದ್ದ ಹುಲ್ಲಿನದೇ ವಾಸನೆ. ಮಳೆಗಾಲ ಮುಗಿದು ಬಿಸಿಲಿಗೆ ಹುಲ್ಲು ಕೆಂಪಾಗತೊಡಗಿದಾಗ, ಕುರಿಗಳು ತುಳಿದು ಹೋದ ದಾರಿಯುದ್ದಕ್ಕೂ ಅದು ಗಾಳಿಯಲ್ಲಿ ನಿಂತಿರುತ್ತಿತ್ತು. ಸಂಜೆ ದೊಡ್ಡಪ್ಪ ಹೆಗಲ ಕಂಬಳಿ ಕೊಡವಿದರೆ ಪಡಸಾಲೆಗೆಲ್ಲ ಹರಡುತ್ತಿತ್ತು. ದೊಡ್ಡಮ್ಮ ಹಿಂಡಿ ತಂದ ಹಾಲಿನಲ್ಲೂ ಅದರ ಸುಳಿವು ಇರುತ್ತಿತ್ತು. ಒರೆಸುವ ಬಟ್ಟೆ ಹಿಡಿದುಕೊಂಡು ಎಷ್ಟೋ ಹೊತ್ತು ಹಾಗೇ ನಿಂತಿದ್ದೆ. ಆ ಹುಲ್ಲೂ ಇಲ್ಲ, ಆ ಕುರಿಗಳೂ ಇಲ್ಲ, ಆ ಪಡಸಾಲೆಯಲ್ಲಿ ಈಗ ಬಾಡಿಗೆಯವರು ಸಿಮೆಂಟ್ ಮೂಟೆ ಪೇರಿಸಿಟ್ಟಿದ್ದಾರೆ.

ಅಪ್ಪನಿಗೆ ಕುಣಿಗಲ್‌ನಲ್ಲಿ ಕೆಲಸ, ಅಲ್ಲಿನ ಬಾಡಿಗೆ ಮನೆ ಕಿರಿದು ಎಂದು ನನ್ನನ್ನು ಅವನ ಅಣ್ಣನ ಮನೆಯಲ್ಲೇ ಬಿಟ್ಟಿದ್ದರು. ಹಾಗಾಗಿ ತೊಂಬತ್ತರ ದಶಕದ ನನ್ನ ಬಾಲ್ಯವೆಲ್ಲ ದೊಡ್ಡಪ್ಪ, ದೊಡ್ಡಮ್ಮ ಮತ್ತು ಕುರಿಗಳ ನಡುವೆ ಕಳೆಯಿತು. ಮನೆಯ ಹಿಂದೆ ಕಾವಲು. ಸರ್ಕಾರದ ಹುಲ್ಲುಗಾವಲಿಗೆ ನಮ್ಮ ಕಡೆ ಹಾಗೆನ್ನುತ್ತಾರೆ. ಯಾರದ್ದೂ ಅಲ್ಲ, ಎಲ್ಲರದ್ದೂ ಹೌದು. ದೊಡ್ಡಪ್ಪನಂಥ ಅನುಮಾನದ ಮನುಷ್ಯನನ್ನು ನಾನು ಇನ್ನೊಬ್ಬನನ್ನು ಕಂಡಿಲ್ಲ. ಗುಬ್ಬಿ ಬಸ್ಸಿನಲ್ಲಿ ಕಂಡಕ್ಟರ್ "ಮುಂದೆ ಸೀಟೈತೆ ಬನ್ನಿ ಯಜಮಾನ್ರೇ" ಎಂದು ಕರೆದರೆ, "ಸುಮ್‌ಸುಮ್ನೆ ಯಾಕ್ ಕರೀತಾನೆ ಇವ್ನು?" ಎಂದು ಊರು ಬರುವವರೆಗೂ ನಿಂತೇ ಇರುತ್ತಿದ್ದ. ನಾವು ನಗುತ್ತಿದ್ದೆವು. ಆದರೆ ಆ ಅನುಮಾನ ಆಕಾಶದಿಂದ ಉದುರಿದ್ದಲ್ಲ. ನನ್ನ ತಾತ ಒಮ್ಮೆ ಯಾರೋ ಅಧಿಕಾರಿಗೆ, ನಮ್ಮ ಕುರಿ ಕಾವಲಿನಲ್ಲೇ ಮೇಯುತ್ತವೆ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದನಂತೆ. ಕೆಲವು ದಿನಕ್ಕೆ, ಸರ್ಕಾರದ ಹುಲ್ಲು ಮೇಯಿಸಿದ್ದು ತಪ್ಪೆಂದು, ಇಡೀ ಹಿಂಡನ್ನು ಬಿಡಾಡಿ ದನ ಕೂಡುವ ದೊಡ್ಡಿಗೆ ಹೊಡೆದುಕೊಂಡು ಹೋದರು. ಮರಿಗಳು ಮನೆಯಲ್ಲಿ, ತಾಯಂದಿರು ದೊಡ್ಡಿಯಲ್ಲಿ. ಎರಡೂ ಕಡೆಯ ಕೂಗು ಕೇಳುತ್ತ ಬೆಳೆದ ಹುಡುಗ ನನ್ನ ದೊಡ್ಡಪ್ಪ. ಅಂದಿನಿಂದ ಪೆನ್ನು ಹಿಡಿದು ಬಂದವರಿಗೆ ನಮ್ಮ ಮನೆಯಲ್ಲಿ ಒಂದೇ ಉತ್ತರ, "ಏನೂ ಇಲ್ಲ ಸಾಮಿ." ಆಮೇಲೆ ಇಡೀ ಊರೇ ಅದನ್ನು ಕಲಿಯಿತು.

ಕಾವಲಿನ ಎತ್ತರದಲ್ಲಿ ಬಂಡೆಗಳ ನಡುವೆ ಒಂದು ಕೊರಕಲಿತ್ತು. ಅಲ್ಲಿ ತೋಳಗಳಿದ್ದವು. ಕಾರ್ತಿಕ ಕಳೆದ ಮೇಲೆ ಅವು ಮರಿ ಹಾಕುವ ಕಾಲ. ಆಗಿನಿಂದ ಶಿವರಾತ್ರಿಯವರೆಗೂ ನಮ್ಮ ಹಿಂಡು ಆ ಕಡೆ ತಲೆ ಹಾಕುವಂತಿರಲಿಲ್ಲ. ವರ್ಷದಲ್ಲಿ ಮೊದಲು ತೋಳ ಎತ್ತಿದ ಕುರಿಮರಿಗೆ ಯಾರೂ ದೊಣ್ಣೆ ಹಿಡಿದು ಓಡುತ್ತಿರಲಿಲ್ಲ. "ಅದ್ರ ಪಾಲು ಅದ್ಕೆ ಹೋಯ್ತು, ಬುಡು" ಎಂದು ದೊಡ್ಡಮ್ಮ ಕಣ್ಣೊರೆಸಿಕೊಂಡು ಒಳಗೆ ಹೋಗುತ್ತಿದ್ದಳು. ಎರಡನೆಯದಕ್ಕೆ ಬಂದರೆ ಮಾತ್ರ ಕೂಗಾಟ, ಕಲ್ಲು, ನಾಯಿ ಎಲ್ಲ. ಇದು ನಮ್ಮ ಮತ್ತು ಅವುಗಳ ನಡುವಿನ ಒಪ್ಪಂದ. ಹೊರಗಿನವರ ಕಿವಿಗೆ ಬೀಳುವಂತಿರಲಿಲ್ಲ. ಒಂದು ಬೆಳಗ್ಗೆ ನಾನು ಸೌದೆಗೆ ಹೋದಾಗ ಹುಲ್ಲಿನ ನಡುವೆ ಬೂದುಗೆಂಪು ಬಣ್ಣದ ತೆಳ್ಳಗಿನ ಪ್ರಾಣಿಯೊಂದು ನಿಂತು, ನನ್ನನ್ನು ಅಷ್ಟೇನೂ ಲೆಕ್ಕಕ್ಕೆ ತೆಗೆದುಕೊಳ್ಳದೆ, ನಿಧಾನ ನಡೆದು ಹೋಯಿತು. ಎದ್ದೆನೋ ಬಿದ್ದೆನೋ ಎಂದು ಮನೆಗೆ ಓಡಿ ಬಂದು ಹೇಳಿದೆ. ದೊಡ್ಡಪ್ಪ ನನ್ನ ಎರಡೂ ಭುಜ ಹಿಡಿದು, "ಅದು ನಾಯಿ ಕಣಮ್ಮಿ. ಇಸ್ಕೂಲಲ್ಲಿ ಯಾರ್ ಕೇಳಿದ್ರೂ ನಾಯಿ ಅಂತ್ಲೇ ಹೇಳ್ಬೇಕು" ಎಂದ. ಮಕ್ಕಳ ಬಾಯಿಯ ಮೇಲೂ ಅವನಿಗೆ ನಂಬಿಕೆಯಿರಲಿಲ್ಲ.

ನಾನು ಹೈಸ್ಕೂಲಿನಲ್ಲಿದ್ದಾಗ ಗುಡ್ಡದ ನೆತ್ತಿಯ ಮೇಲೆ ಒಂದು ತೆಳ್ಳಗಿನ ಉದ್ದ ಕಂಬ ಎದ್ದಿತು. ತುದಿಯಲ್ಲಿ ಪುಟ್ಟ ಬಟ್ಟಲುಗಳು ಗಿರಗಿರ ತಿರುಗುತ್ತಿದ್ದವು. ಗಾಳಿ ಅಳೆಯುವುದಕ್ಕೆ ಎಂದು ಅದನ್ನು ನೆಟ್ಟವರು ಹೇಳಿದರು. ಊರಲ್ಲಿ ಒಬ್ಬರೂ ನಂಬಲಿಲ್ಲ. ಗಾಳಿಯನ್ನು ಯಾರಾದರೂ ಅಳೆಯುತ್ತಾರೆಯೇ? ನೆಲದೊಳಗಿನ ಚಿನ್ನ ಹುಡುಕಲು ಬಂದಿದ್ದಾರೆ ಎಂದರು ಕೆಲವರು. ಯಾರ ಮನೆಯ ಕುರಿ ಎಲ್ಲಿ ಮೇಯುತ್ತಿವೆ ಎಂದು ಮೇಲಿಂದ ನೋಡುವ ಯಂತ್ರ ಅದು ಎಂದ ದೊಡ್ಡಪ್ಪ. ಅಂದಿನಿಂದ ಕಂಬಕ್ಕೆ ಕಾಣದ ಹಾಗೆ ಗುಡ್ಡದ ಹಿಂಬದಿಯಿಂದ ಸುತ್ತು ಹಾಕಿ ಹಿಂಡು ಹೊಡೆಯುತ್ತಿದ್ದ.

ನಾನು ತುಮಕೂರಿನಲ್ಲಿ ಕಾಲೇಜು ಸೇರಿದ ವರ್ಷ ಕಂಬದ ನಿಜವಾದ ಉದ್ದೇಶ ತಿಳಿಯಿತು. ಕಾವಲಿನ ಮೇಲೆ ಗಾಳಿಯಂತ್ರ ನಿಲ್ಲಿಸಿ ಕರೆಂಟು ತೆಗೆಯುತ್ತಾರಂತೆ. ಅದಕ್ಕೆ ಮೊದಲು ಊರಿನವರನ್ನು ಕೇಳಬೇಕೆಂದು ಕನ್ನಡಕದ ಅಧಿಕಾರಿಯೊಬ್ಬರು ಬರುವವರಿದ್ದರು. ಆ ಭಾನುವಾರ ನಾನೂ ಊರಲ್ಲಿದ್ದೆ. ಬೆಳಗ್ಗೆ ರೊಟ್ಟಿ ತಟ್ಟುತ್ತ ದೊಡ್ಡಮ್ಮ ಹೇಳಿದಳು, "ಇದ್ದದ್ ಹೇಳ್ಬುಡಿ ಅತ್ಲಾಗೆ. ಆ ಕೊರಕಲೊಂದ ಬುಟ್ಬುಟ್ರೆ ಸಾಕು ಅನ್ನಿ."

"ಸುಮ್ಕಿರು" ಎಂದ ದೊಡ್ಡಪ್ಪ. "ಕುರಿ ಮೇಯ್ತವೆ ಅಂದ್ರೆ ದೊಡ್ಡಿಗೆ ಹೊಡೀತಾರೆ. ತೋಳ ಐತೆ ಅಂದ್ರೆ ಕಾಡಿನೋರು ಬಂದು ಬೇಲಿ ಹಾಕ್ತಾರೆ. ಯಾವ್ದು ಹೇಳಿದ್ರೂ ಹೋಗೋದು ನಮ್ದೇ."

ಅಂದು ಊರಿನ ಎಲ್ಲ ಕುರಿ, ಎಲ್ಲ ದನ ಕೆರೆ ಅಂಗಳಕ್ಕೆ ಹೋದವು. ಶಾಲೆಯ ಜಗಲಿಯ ಮೇಲೆ ಕುಳಿತು ಅಧಿಕಾರಿ ಗುಡ್ಡದ ಕಡೆ ನೋಡಿದರೆ ಹುಲ್ಲು ಬಿಟ್ಟು ಏನೂ ಅಲುಗುತ್ತಿರಲಿಲ್ಲ. ಕೆಟ್ಟ ಮನುಷ್ಯರೇನಲ್ಲ ಅವರು. ಕೊಟ್ಟ ಮಜ್ಜಿಗೆ ಕುಡಿದು, ಲೋಟವನ್ನು ತಾವೇ ತೊಳೆದಿಟ್ಟರು. "ನೋಡಿ, ಕೆಲಸ ಶುರು ಮಾಡೋಕೆ ಮುಂಚೆ ಕೇಳ್ತಿದೀನಿ. ಇಲ್ಲಿ ದನ ಕುರಿ ಮೇಯ್ತವಾ? ತೋಳ ಗೀಳ ಮರಿ ಹಾಕೋ ಜಾಗ ಏನಾದ್ರೂ ಇದ್ಯಾ? ಇದ್ರೆ ಹೇಳಿ, ಅದನ್ನ ಬಿಟ್ಟು ರೋಡ್ ತಿರುಗಿಸ್ತೀವಿ."

"ಏನೂ ಇಲ್ಲ ಸಾಮಿ. ಬರೀ ಕಲ್ಲು. ಮೊಲ ಕೂಡ ಸುಳಿಯಾಕಿಲ್ಲ" ಎಂದ ದೊಡ್ಡಪ್ಪ. ಶಾಲೆಯಲ್ಲಿ ಹಾಜರಿ ಹೇಳುವ ಹಾಗೆ ಒಬ್ಬರಾದ ಮೇಲೆ ಒಬ್ಬರು ಅದನ್ನೇ ಹೇಳಿದರು. ಅಧಿಕಾರಿ ಕನ್ನಡಕ ತೆಗೆದು ಒರೆಸಿಕೊಂಡು, "ನಿಜವಾಗ್ಲೂ?" ಎಂದು ಇನ್ನೊಮ್ಮೆ ಕೇಳಿದರು. ಎರಡನೇ ಸಲ ಕೇಳಿದ್ದೇ ಕೆಟ್ಟದ್ದಾಯಿತು. ಬಾಯಿ ಬಿಡಿಸಲು ಇಷ್ಟು ಹಟ ಹಿಡಿದಿದ್ದಾನೆಂದರೆ ಒಳಗೆ ಏನೋ ಇದೆ ಎಂದು ಎಲ್ಲರ ಬಾಯಿಯೂ ಇನ್ನಷ್ಟು ಬಿಗಿಯಾಯಿತು. ಬಾಗಿಲ ಮರೆಯಲ್ಲಿ ನಿಂತಿದ್ದ ದೊಡ್ಡಮ್ಮ ಸೆರಗನ್ನು ಹಲ್ಲಿನಲ್ಲಿ ಕಚ್ಚಿಕೊಂಡಿದ್ದಳು. ಹೇಳಿದ್ದರೆ ಅವರು ನಿಜಕ್ಕೂ ರಸ್ತೆ ತಿರುಗಿಸುತ್ತಿದ್ದರೇ? ನನಗೆ ಇವತ್ತಿಗೂ ಅನುಮಾನವೇ. ಆದರೆ ಹೇಳಲಿಲ್ಲ ಎಂಬುದರಲ್ಲಿ ಮಾತ್ರ ಅನುಮಾನವಿಲ್ಲ.

ಮುಂದಿನ ವರ್ಷ ಶಿವರಾತ್ರಿಗೆ ಇನ್ನೂ ಸಾಕಷ್ಟು ದಿನವಿರುವಾಗಲೇ ಬುಲ್ಡೋಜರ್ ಗುಡ್ಡ ಹತ್ತಿತು. ಬೆಳಗಿನಿಂದ ಅದರ ಸದ್ದು ಕೇಳುತ್ತಿದ್ದ ದೊಡ್ಡಪ್ಪ ಮಧ್ಯಾಹ್ನದ ಊಟದ ತಟ್ಟೆ ಬಿಟ್ಟು ಎದ್ದ. ಕಾಲೇಜಿನ ರಜೆಗೆ ಊರಿಗೆ ಬಂದಿದ್ದ ನಾನೂ ಹಿಂದೆ ಓಡಿದೆ. ಯಂತ್ರ ಕೊರಕಲಿನ ಬಾಯಿಗೆ ಬಂದು ನಿಂತಿತ್ತು. ದೊಡ್ಡಪ್ಪ ಕೈ ಅಡ್ಡ ಹಿಡಿದು, "ಇತ್ಲಾಗ್ ಬ್ಯಾಡಿ ಸಾಮಿ, ಇಲ್ಲಿ ದೇವ್ರೈತೆ" ಎಂದ. ತೋಳ ಎನ್ನಲು ಇನ್ನೂ ಬಾಯಿ ಬಂದಿರಲಿಲ್ಲ. ಯಂತ್ರದ ಪಕ್ಕ ನಿಂತಿದ್ದ ಅದೇ ಕನ್ನಡಕದ ಅಧಿಕಾರಿ ನಕ್ಕರು. "ಅವತ್ತು ಏನೂ ಇಲ್ಲ ಅಂದ್ರಲ್ಲ ಯಜಮಾನ್ರೇ? ಎಲ್ಲ ಊರಲ್ಲೂ ಮೆಷಿನ್ ಬಂದ್ಮೇಲೇ ದೇವ್ರು ಬರೋದು." ಆಗ ದೊಡ್ಡಪ್ಪನ ಬಾಯಿಂದ ನಿಜ ಹೊರಬಿತ್ತು: "ತೋಳ ಐತೆ. ಮರಿ ಐತೆ. ನಮ್ಮಪ್ಪನ ಕಾಲದಿಂದ್ಲೂ ಐತೆ." ಡ್ರೈವರ್ ಕೂಡ ನಕ್ಕ. ಅಧಿಕಾರಿ ಮಾತ್ರ ಯಂತ್ರ ನಿಲ್ಲಿಸಲು ಹೇಳಿ, ಬಂಡೆ ಸಂದಿಗೆ ಬಗ್ಗಿ ನೋಡಿದರು. ಕತ್ತಲು ಬಿಟ್ಟು ಏನೂ ಕಾಣಲಿಲ್ಲ. ಅಷ್ಟು ಸದ್ದಿಗೆ ತಾಯಿ ಯಾವತ್ತೋ ಹೋಗಿರಬೇಕು. ಮರಿಗಳನ್ನು ಕಚ್ಚಿಕೊಂಡು ಹೋಯಿತೋ, ಒಳಗೇ ಬಿಟ್ಟಿತೋ ಹೇಳುವವರಿಲ್ಲ. "ಏನೂ ಇಲ್ವಲ್ಲ" ಎಂದರು ಅಧಿಕಾರಿ, ಬೇಸರದಲ್ಲೇ. ಯಂತ್ರ ಮತ್ತೆ ಶುರುವಾಯಿತು. ನಾನು ಕಣ್ಣು ಮುಚ್ಚಿಕೊಂಡೆ. ದೊಡ್ಡಪ್ಪ ಮುಚ್ಚಿಕೊಳ್ಳಲಿಲ್ಲ.

ಗಾಳಿಯಂತ್ರಗಳು ನಿಂತವು. ದೂರದಿಂದ ನೋಡಿದರೆ ಚೆನ್ನಾಗಿಯೇ ಕಾಣುತ್ತವೆ, ಸುಳ್ಳು ಯಾಕೆ ಹೇಳಲಿ. ಕರೆಂಟು ಬೇಡ ಎನ್ನುವಷ್ಟು ದೊಡ್ಡ ಮನಸ್ಸು ನನಗಿಲ್ಲ. ಫ್ಯಾನಿನ ಕೆಳಗೆ ಕೂತೇ ಇದನ್ನು ಬರೆಯುತ್ತಿದ್ದೇನೆ. ಆದರೆ ಗಾಳಿ ಬಿಟ್ಟಿ ಸಿಗುತ್ತದೆ, ಯಾರಿಗೂ ನಷ್ಟವಿಲ್ಲ ಎಂದು ಯಾರಾದರೂ ಹೇಳಿದರೆ ಅವರ ಮುಖವನ್ನು ಒಂದು ಕ್ಷಣ ಹೆಚ್ಚಾಗಿಯೇ ನೋಡುತ್ತೇನೆ. ಕಾವಲಿಗೆ ರಸ್ತೆ ಬಂತು, ರಸ್ತೆಗೆ ಗೇಟು ಬಂತು, ಗೇಟಿಗೆ ಗಾರ್ಡ್ ಬಂದ. ಅಷ್ಟು ವರ್ಷ ಅಲ್ಲಿ ಕುರಿ ಮೇಯುವುದೇ ಇಲ್ಲ ಎಂದವರು ಈಗ ಮೇಯಲು ಬಿಡಿ ಎಂದು ಯಾವ ಬಾಯಿಂದ ಕೇಳಬೇಕು? ಹಿಂಡು ಕರಗಿತು. ಮಡಿಸಿದ ಕಂಬಳಿ ಅಟ್ಟಕ್ಕೆ ಹೋಯಿತು. ದೊಡ್ಡಮ್ಮ ತೀರಿಕೊಂಡ ಮೇಲೆ ಆ ಮನೆಯನ್ನು ಸಿಮೆಂಟ್ ವ್ಯಾಪಾರಿಗೆ ಬಾಡಿಗೆಗೆ ಕೊಟ್ಟು ದೊಡ್ಡಪ್ಪನನ್ನು ನಾನೇ ತುಮಕೂರಿಗೆ ಕರೆದುಕೊಂಡು ಬಂದೆ.

ಇಲ್ಲಿ ಬಂದ ಮೇಲೆ ಆದದ್ದೇ ವಿಚಿತ್ರ. ಒಬ್ಬರಿಗೂ ಒಂದು ಮಾತು ಬಿಟ್ಟುಕೊಡದಿದ್ದ ಮನುಷ್ಯ ಈಗ ಸಿಕ್ಕಸಿಕ್ಕವರಿಗೆಲ್ಲ ತೋಳದ ಸುದ್ದಿ ಹೇಳತೊಡಗಿದ. ಗ್ಯಾಸ್ ತಂದವನಿಗೆ, ಪಕ್ಕದ ಮನೆಯ ರಿಟೈರ್ಡ್ ಮೇಷ್ಟರಿಗೆ, ವೋಟಿನ ಚೀಟಿ ಹಂಚಲು ಬಂದ ಹುಡುಗಿಗೆ. ಪೆನ್ನು ಹಿಡಿದವರು ಕಂಡರಂತೂ ತಾನೇ ಗೇಟು ತೆಗೆದು ಕೂರಿಸುತ್ತಿದ್ದ. ಕೊರಕಲು ಯಾವ ಕಡೆಗಿತ್ತು, ಮರಿಗಳು ಬಿಸಿಲಿಗೆ ಹೇಗೆ ಮಲಗುತ್ತಿದ್ದವು, ಮೊದಲ ಪಾಲು ಯಾರದು, ಎಲ್ಲ. ಅವರು "ಹೌದಾ ತಾತ" ಎಂದು ನನ್ನ ಕಡೆ ತಿರುಗಿ ಮೆಲ್ಲಗೆ ನಗುತ್ತಿದ್ದರು. ಆ ಕಡೆ ತೋಳ ಇದ್ದದ್ದೇ ಕೇಳಿಲ್ಲವಲ್ಲ ಎಂದು ಮೇಷ್ಟರು ಒಮ್ಮೆ ಎದುರಿಗೇ ಹೇಳಿಬಿಟ್ಟರು.

ಅಂದು ಸಂಜೆ ದೊಡ್ಡಪ್ಪ ಊಟ ಮುಟ್ಟಲಿಲ್ಲ. ಬಹಳ ಹೊತ್ತಿನ ಮೇಲೆ ನನ್ನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡ. "ತೋಳ ಇತ್ತು ಕಣವ್ವ. ನೀನಾದ್ರೂ ನಂಬ್ತೀಯೇನವ್ವ?"

"ನಂಬ್ತೀನಿ ದೊಡ್ಡಪ್ಪ" ಎಂದೆ. ಮನಸಾರೆ ಹೇಳಿದ್ದೆ. ನಾನೇ ಕಣ್ಣಾರೆ ಕಂಡವಳು.

ಅವನು ನನ್ನ ಮುಖವನ್ನು ಎಷ್ಟೋ ಹೊತ್ತು ನೋಡಿದ. ಆಮೇಲೆ, ಮುದುಕನ ಸಮಾಧಾನಕ್ಕೆ ಹೇಳಿದ ಮಾತಿದು ಎಂದು ತನಗೆ ಗೊತ್ತಿದೆ ಎಂಬಂತೆ, ನನ್ನ ಕೈಯನ್ನು ಮೆಲ್ಲಗೆ ತಟ್ಟಿ, ಗೋಡೆ ಕಡೆ ಹೊರಳಿ ಮಲಗಿಕೊಂಡ.