ಆ ಬೆಲ್ಲ ಮಂತ್ರದ್ದಲ್ಲ

ಗಂಗಕ್ಕಾ, ನಿಮ್ಮ ಮಗಳ ಕಾಯಿಲೆ ಏನಿರಬಹುದೆಂದು ಆಪರೇಷನ್ನಿಗೆ ಮೂರು ತಿಂಗಳು ಮೊದಲೇ ನನಗೆ ಗೊತ್ತಿತ್ತು. ಹೇಳಲಿಲ್ಲ.

ಕುಮಟಾದಿಂದ ಹಿರೇಗುತ್ತಿಯ ನಿಮ್ಮ ಮನೆಗೆ ನಾನು ಬಂದದ್ದು ಸುದ್ದಿಗಾಗಿ. ಎಂಟು ವರ್ಷದ ಅಶ್ವಿನಿಗೆ ಬರುವ ಫಿಟ್ಸು ಗೇರುಸೊಪ್ಪ ಕಡೆಯ ಮಂತ್ರವಾದಿಯೊಬ್ಬ ಕೊಟ್ಟ ಬೆಲ್ಲದಿಂದ ಇಳಿಯುತ್ತದೆಂದು ಕೇಳಿದ್ದೆ. ನೀವು ನನ್ನೆದುರು ಬೆಲ್ಲ, ನೀರು ಇಟ್ಟಿರಿ. ಅಷ್ಟರಲ್ಲೇ ಮಗು ಬೆವರಿತು, ನಿಮ್ಮ ಗುರುತೂ ಸಿಗದೆ ಗೋಡೆಗೆ ಒರಗಿತು. ಮಂತ್ರಿಸಿದ್ದನ್ನು ತರಲು ಒಳಗೆ ಹೋಗುವಷ್ಟು ಪುರುಸೊತ್ತೆಲ್ಲಿ—ನನಗೆಂದು ಇಟ್ಟ ಬೆಲ್ಲವನ್ನೇ ಕದಡಿ ಗುಟುಕು ಗುಟುಕಾಗಿ ಕುಡಿಸಿದಿರಿ. ಸ್ವಲ್ಪ ಹೊತ್ತಿಗೆ ಎದ್ದು ಕೂತಳು.

"ಆಯಿ, ಇವ್ರು ಯಾರೆ?"

"ಪೇಪರ್ನವ್ರು. ನಿನ್ನ ಫಿಟ್ಸಿನ ಸುದ್ದಿ ಹಾಕೂಕೆ ಬಂದಾರೆ."

ಎಂಥ ಸುದ್ದಿ! ಮಂತ್ರಿಸಿದ ಬೆಲ್ಲದಿಂದ ಮಗು ಎದ್ದಿತು ಎಂದು ಬರೆದೆ. ಕಣ್ಣಾರೆ ಕಂಡದ್ದನ್ನು ಬದಲಿಸಿ ಬರೆದೆ.

ಭಾನುವಾರ ಅದು ಅಚ್ಚಾಯಿತು. ಮರುದಿನ ಕುಮಟಾದ ಮಕ್ಕಳ ಡಾಕ್ಟರೊಬ್ಬರ ಫೋನು.

"ನಿಜ ಹೇಳಿ, ಅದು ಮಂತ್ರದ ಬೆಲ್ಲವೇನು?"

"ಅಲ್ಲ. ನನಗೆ ಕೊಡೂಕೆ ತಂದದ್ದು."

ಅವರ ದನಿ ಚುರುಕಾಯಿತು. "ಹಾಗಾದ್ರೆ ಬರೀ ಸಿಹಿಗೇ ಎದ್ದಿದಾಳೆ, ರಕ್ತದಲ್ಲಿ ಸಕ್ಕರೆ ಕುಸೀತಾ ಇದೆ. ಮೇದೋಜ್ಜೀರಕದಲ್ಲಿ ಇನ್ಸುಲಿನ್ ಸುರಿಸೋ ಗಡ್ಡೆ ಇರಬಹುದು. ಮಕ್ಕಳಲ್ಲಿ ತೀರಾ ಅಪರೂಪ. ತಡ ಮಾಡಿದ್ರೆ ಮಿದುಳಿಗೆ ಪೆಟ್ಟು. ಕೂಡಲೇ ಕಳಿಸಿ."

"ಆತು, ಹೇಳ್ತೆ" ಎಂದೆ.

ಹೇಳಿದ್ದರೆ ತಿದ್ದುಪಡಿ ಹಾಕಬೇಕಿತ್ತು. ನಾನು ಸುಳ್ಳು ಬರೆದದ್ದು—ಊರಿಗೆಲ್ಲ... ನಾಳೆ ಹೇಳೋಣ ಎಂದುಕೊಂಡೆ. ಡಾಕ್ಟರು ಮತ್ತೆ ಕೇಳಿದಾಗ, ಮನೆಯವರು ಒಪ್ಪುತ್ತಿಲ್ಲ ಎಂದೆ. ಅದೂ ಸುಳ್ಳು.

ಮೂರು ತಿಂಗಳ ಮೇಲೆ ನಿಮ್ಮ ಫೋನು ಬಂತು: "ಅಣ್ಣಾ, ಕೂಸು ಶಾಲೆಲಿ ಬಿದ್ದೋಗ್ಯದೆ. ಬೆಲ್ಲ ಬಾಯಿಂದ ಒಳಗೇ ಇಳೂದಿಲ್ಲ. ಎಂತ ಮಾಡ್ಲಿ?"

ಆಗ ಓಡಿದೆ; ಮಗುವನ್ನು ಕುಮಟಾದ ಅದೇ ಡಾಕ್ಟರ ಬಳಿಗೆ ತಂದೆವು. ಡಾಕ್ಟರು ನರಕ್ಕೆ ಗ್ಲೂಕೋಸ್ ಕೊಟ್ಟು ದೂರದ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಅಲ್ಲಿ ಪರೀಕ್ಷೆಗೆಂದು ಕಾವಲಿನಲ್ಲಿ ಉಪವಾಸ ಇರಿಸಿದರು. ಸಕ್ಕರೆ ಇಳಿದ ಗಳಿಗೆಯಲ್ಲೇ ರಕ್ತ ತೆಗೆದರು—ಇಲ್ಲವಾಗಬೇಕಿದ್ದ ಇನ್ಸುಲಿನ್ ಅದರಲ್ಲಿ ಧಾರಾಳವಾಗಿತ್ತು! ಸ್ಕ್ಯಾನಿನಲ್ಲಿ, ಮೇದೋಜ್ಜೀರಕದ ಬಾಲದ ತುದಿಯಲ್ಲಿ, ಹುಣಸೆಬೀಜದಷ್ಟು ಗಡ್ಡೆ. ಆಪರೇಷನ್ ದಿನ ಮತ ಎಣಿಕೆಯ ದಿನದಂತೆ ಬಾಗಿಲ ಹೊರಗೆ ನಿಲ್ಲಲಾಗದೆ ಸುತ್ತಿದೆ. ಹೊರಬಂದ ಸರ್ಜನ್ ನಗುತ್ತಿದ್ದರು. ಅಂಗವನ್ನು ಉಳಿಸಿ ಗಡ್ಡೆಯನ್ನಷ್ಟೇ ಬಿಡಿಸಿದ್ದರು. ಅದು ಹೊರಬಿದ್ದ ಮೇಲೆ ಸಕ್ಕರೆ ತಾನಾಗಿ ಏರತೊಡಗಿತ್ತಂತೆ. ನೀವು ನನ್ನ ಕೈ ಹಿಡಿದಿರಿ. "ನಿಮ್ಮ ಪೇಪರ್ ಇಲ್ದಿದ್ರೆ ನನ್ನ ಕೂಸು ಇರ್ತಿರ್ಲಿಲ್ಲ."

ನಾನು ತಲೆಯಾಡಿಸಿದೆ. ಪತ್ರಿಕೆಯಿಂದಲೇ ಮಗು ಉಳಿಯಿತೆಂದು ಬರೆದೂಬಿಟ್ಟೆ.

ಅಶ್ವಿನಿ ಈಗ ಹತ್ತನೇ ತರಗತಿ. ಫಿಟ್ಸು ಮತ್ತೆ ಬಂದಿಲ್ಲ. ಆದರೆ ಓದಿದ್ದು ತಲೆಯಲ್ಲಿ ನಿಲ್ಲುವುದಿಲ್ಲ. ಆ ಮೂರು ತಿಂಗಳಿಂದಲೇ ಹೀಗಾಯಿತೇ—ಡಾಕ್ಟರು ಖಚಿತವಾಗಿ ಹೇಳಲಾರರು. ಕಳೆದ ವಾರ ವರದಿಗೆಂದು ಅವಳ ಶಾಲೆಗೆ ಹೋದಾಗ ನೀವು ಟೀಚರಿಗೆ ಹೇಳುತ್ತಿದ್ದುದು ನನ್ನ ಕಿವಿಗೆ ಬಿತ್ತು: "ಅದು ಹುಟ್ಟಾ ಹಂಗೇ, ಬಯ್ಬೇಡಿ."

ಇದನ್ನು ಅದೇ ಭಾನುವಾರದ ಪುಟಕ್ಕೆ ಕೊಡುತ್ತೇನೆ. ಅದಕ್ಕೂ ಮೊದಲು ನಿಮ್ಮ ಮನೆಗೆ ಬಂದು, ಅವಳ ಎದುರಿಗೇ ಓದುತ್ತೇನೆ. ಹುಟ್ಟಿನಿಂದ ಹಾಗಲ್ಲ, ಗಂಗಕ್ಕಾ. ನಾನು ಮೊದಲು ಬಂದ ದಿನ ಅವಳು ಹದಿಮೂರರ ಮಗ್ಗಿಯನ್ನು ಒಂದೂ ತಪ್ಪದೆ ಹೇಳಿದ್ದಳು.