ಗುಡ್ಡಪ್ಪನವರ ತವರುಮಣ್ಣು

ನಮ್ಮೂರಿನಲ್ಲಿ ಬಾಳೆಯ ಕಂದನ್ನು ಯಾರೂ ತೊಳೆದು ನೆಡುವುದಿಲ್ಲ. ತಾಯಿಗಿಡದ ಬುಡದಿಂದ ಅಗೆದು ತೆಗೆದ ಮರಿಗೆ ಅಂಟಿಕೊಂಡ ಮಣ್ಣನ್ನು ತವರುಮಣ್ಣು ಎನ್ನುತ್ತಾರೆ. ಆ ಮಣ್ಣಿನ ಸಮೇತ ಹೊಸ ಗುಂಡಿಗೆ ಇಳಿಸಿದರೆ ಕಂದು ಮುನಿಯುವುದಿಲ್ಲ, ಬೇಗ ಬೇರು ಬಿಡುತ್ತದೆ ಎಂಬುದು ಹಿರಿಯರ ನಂಬಿಕೆ. ಈ ನಂಬಿಕೆಯನ್ನು ಗುಡ್ಡಪ್ಪನವರಷ್ಟು ನಿಷ್ಠೆಯಿಂದ ನಡೆಸಿಕೊಂಡು ಬಂದವರು ಇನ್ನೊಬ್ಬರಿಲ್ಲ. ಯಾರಾದರೂ ಮಣ್ಣು ಉದುರಿಸುವುದನ್ನು ಕಂಡರೆ ಅವರು ತಮ್ಮ ಕೆಲಸ ಬಿಟ್ಟು ಬಂದು, ಉದುರಿದ ಮಣ್ಣನ್ನು ಬೊಗಸೆಯಲ್ಲಿ ಎತ್ತಿ ಮತ್ತೆ ಕಂದಿನ ಬುಡಕ್ಕೆ ಮೆತ್ತುತ್ತಿದ್ದರು.

ನಾನು ಕಮಲಾಪುರದ ಆಚೆಯ ಈ ಊರಿಗೆ ಶಾಲಾ ಮಾಸ್ತರನಾಗಿ ಬಂದಾಗ ಅವರಿಗೆ ಮೂವತ್ತೈದರ ಪ್ರಾಯ. ಕಾಲುವೆಯ ಕೆಳಗೆ ಎರಡು ಎಕರೆ ಸುಗಂಧಿ ಬಾಳೆಯ ತೋಟ. ಪ್ರತಿ ವರ್ಷ ಮೊದಲ ಗೊನೆಯ ಮೊದಲ ಚಿಪ್ಪು ಶಾಲೆಗೆ ಬರುತ್ತಿತ್ತು. ಅದರ ಜೊತೆಗೆ ಬೇರೆಯವರ ತೋಟದ ಒಂದೆರಡು ಹಣ್ಣು ತಂದು, ಮಕ್ಕಳಿಗೆ ಕಣ್ಣು ಮುಚ್ಚಿಸಿ, ಮೂಸಿ ನೋಡಿ ಯಾರ ತೋಟದ್ದೆಂದು ಹೇಳಿರಿ ಎನ್ನುತ್ತಿದ್ದರು. ಮಕ್ಕಳು ಬಾಯಿಗೆ ಬಂದ ಹೆಸರು ಹೇಳುತ್ತಿದ್ದರು. ಗುಡ್ಡಪ್ಪನವರು ಮಾತ್ರ ಒಮ್ಮೆಯೂ ತಪ್ಪುತ್ತಿರಲಿಲ್ಲ. ಅವರ ಮೂಗನ್ನು ಊರೆಲ್ಲ ನಂಬಿತ್ತು.

ಊರಿನ ಹಣ್ಣಿನ ಪ್ರದರ್ಶನವನ್ನು ಇಪ್ಪತ್ತೊಂದು ವರ್ಷದ ಹಿಂದೆ ಶುರು ಮಾಡಿದವರೂ ಅವರೇ. ಡಿಸೆಂಬರಿನ ಎರಡನೆಯ ಭಾನುವಾರ ಶಾಲೆಯ ಅಂಗಳದಲ್ಲಿ ಬಿದಿರು ಕಟ್ಟಿ ಗೊನೆಗಳನ್ನು ತೂಗು ಹಾಕುತ್ತಾರೆ. ಪೇರಲ, ಪಪ್ಪಾಯಿ, ಮರಿಯಮ್ಮನಹಳ್ಳಿ ಕಡೆಯ ದಾಳಿಂಬೆ ಎಲ್ಲವೂ ಇರುತ್ತವೆ. ಆದರೆ ಎಲ್ಲರ ಕಣ್ಣು ಸುಗಂಧಿಯ ಮೇಲೆ. ಗೆದ್ದವರಿಗೆ ಒಂದು ಶಾಲು, ಒಂದು ತೆಂಗಿನಕಾಯಿ, ಅಷ್ಟೇ. ಗುಡ್ಡಪ್ಪನವರು ಹಾಕಿದ ನಿಯಮ ಬೇರೆಯದೇ. ಗೆದ್ದ ಗಿಡ ಯಾವ ಸಾಲಿನದೋ ಆ ಸಾಲಿನ ಕಂದುಗಳನ್ನು ಅಗೆದು, ಊರಿನ ಪ್ರತಿ ತೋಟಕ್ಕೂ ಒಂದೊಂದು ಕೊಡಬೇಕು, ತವರುಮಣ್ಣಿನ ಸಮೇತ. ಒಬ್ಬನ ಒಳ್ಳೆಯ ತಳಿ ಎಲ್ಲರದೂ ಆಗಲಿ ಎಂಬುದು ಅವರ ಆಸೆ.

ಮಂಡಿನೋವು ಹೆಚ್ಚಾದಾಗ ಅವರು ತೋಟವನ್ನು ತಮ್ಮನ ಮಗ ಕನಕರಾಜನಿಗೆ ಒಪ್ಪಿಸಿ, ಕಂಪ್ಲಿಯಲ್ಲಿರುವ ಮಗಳು ಜ್ಯೋತಿಲಕ್ಷ್ಮಿಯ ಮನೆಗೆ ಹೋದರು. ಅಲ್ಲಿ ಸುಖವಾಗಿಯೇ ಇದ್ದರು. ಕೈ ಮಾತ್ರ ಸುಮ್ಮನಿರಲಿಲ್ಲ. ಎರಡು ವರ್ಷದ ಹಿಂದೆ ದಸರಾ ಕಳೆದ ಮೇಲೆ, ಹೊಳೆಯ ಆಚೆಯ ಒಂದು ತೋಟದಲ್ಲಿ ತೋಳುದ್ದದ ಗೊನೆಗಳನ್ನು ಕಂಡು, ಅಲ್ಲಿಂದ ಹತ್ತು ಕಂದು ಕೇಳಿ ಪಡೆದರು. ಒದ್ದೆ ಗೋಣಿಯಲ್ಲಿ ಸುತ್ತಿ, ಮಣ್ಣು ಒಂದು ಚೂರೂ ಉದುರದಂತೆ ಹಗ್ಗ ಬಿಗಿದು, ಕನಕರಾಜನಿಗೆ ಕಳುಹಿಸಿಕೊಟ್ಟರು.

ಕಳೆದ ಡಿಸೆಂಬರಿನಲ್ಲಿ, ಪ್ರದರ್ಶನದ ದಿನ ಬೆಳಿಗ್ಗೆ ಅವರು ಕಮಲಾಪುರದಲ್ಲಿ ಬಸ್ಸಿನಿಂದ ಇಳಿದರು. ಹೋದ ಮೇಲೆ ಊರಿಗೆ ಬಂದದ್ದು ಅದೇ ಮೊದಲು. ಕರೆದುಕೊಂಡು ಬರಲು ಹೋದ ನನ್ನನ್ನು ನೋಡಿ ಅವರು ನಗಲಿಲ್ಲ.

“ಮೇಷ್ಟ್ರೆ, ಶಾಲಿಗೆ ಆಮ್ಯಾಲ ಹೋಗೂಣು. ಮೊದ್ಲು ತ್ವಾಟಕ್ಕ ಕರಕೊಂಡು ಹೋಗ್ರಿ.”

“ಚಹಾ ಕುಡಿದು ಹೋಗೋಣ ಬನ್ನಿ.”

“ಚಹಾ ಬ್ಯಾಡ. ನಾನು ಕಂದು ತಂದಿದ್ದೆನಲ್ಲ, ಹೊಳಿ ಆಚಿ ತ್ವಾಟ, ಮೊನ್ನಿ ನೋಡಿ ಬಂದೆ. ಅಲ್ಲಿ ಈಗ ಒಂದು ಬಾಳಿಗಿಡನೂ ಇಲ್ಲ. ಸೊರಗು ರೋಗ ಬಂತಂತ. ಎಲ್ಲಾ ಕಿತ್ತು ಸುಟ್ಟಾರ. ಆ ಮಣ್ಣಾಗ ಇನ್ನ ನಮ್ಮ ಕಾಲಕ್ಕ ಬಾಳಿ ಆಗಂಗಿಲ್ಲ ಅಂದ್ರು.”

ಸೊರಗು ರೋಗ ಮಣ್ಣಿನಲ್ಲಿ ಕೂತಿರುತ್ತದೆ, ಕಂದಿನ ಜೊತೆ, ಮಣ್ಣಿನ ಜೊತೆ, ನೀರಿನ ಜೊತೆ ಹೋಗುತ್ತದೆ, ಅದಕ್ಕೆ ಮದ್ದಿಲ್ಲ ಎಂದು ನಾನೂ ಕೇಳಿದ್ದೆ. ಇಬ್ಬರೂ ಕಾಲುವೆಯ ದಡ ಹಿಡಿದು ನಡೆದೆವು.

ದಾರಿಯಲ್ಲಿ ಯಲ್ಲಕ್ಕ ಸಿಕ್ಕಳು. ಕಾಲುವೆಯ ಮೇಲಿನ ತಲೆಯಲ್ಲಿ, ತೂಬಿನ ಪಕ್ಕದಲ್ಲೇ ಅವಳ ಅರ್ಧ ಎಕರೆ ತೋಟ. ಗಂಡ ತೀರಿದ ಮೇಲೆ ಒಬ್ಬಳೇ ಬಾಳೆ ಬೆಳೆದು ಎರಡು ಹೆಣ್ಣುಮಕ್ಕಳ ಮದುವೆ ಮಾಡಿದವಳು. ನಾಲಗೆ ಹರಿತ.

“ಏನಪಾ ಗುಡ್ಡಣ್ಣ, ಮಗಳ ಕೈ ಅನ್ನ ಉಂಡು ಮೈ ಬಂದೈತಿ. ಊರು ನೆನಪಾತೇನು ಈಗ?”

“ನೆನಪಾಗೇ ಬಂದೀನಿ ಯಲ್ಲವ್ವ.”

“ಮಾರಿ ಯಾಕ ಹಂಗ ಮಾಡಿ? ಈ ಸಲ ಗೆಲ್ಲಾದು ನಿನ್ನ ತ್ವಾಟದ ಗೊನಿನಾ. ಕನಕ ನಿನ್ನ ಮೀರಿಸ್ಯಾನ. ಅದಕ್ಕ ಹೊಟ್ಟಿಕಿಚ್ಚೇನು?” ಎಂದು ನಕ್ಕು, ಸೆರಗು ಬಿಗಿದುಕೊಂಡು ಅವಳು ಮುಂದೆ ಹೋದಳು.

ಕನಕರಾಜ ತೋಟದ ಬಾಯಿಯಲ್ಲೇ ನಿಂತಿದ್ದ. ನನ್ನ ಬಳಿ ಏಳನೆಯ ತರಗತಿಯವರೆಗೆ ಓದಿದವನು, ದುಡಿಮೆಗಾರ. ದೊಡ್ಡಪ್ಪನ ಕಾಲು ಮುಟ್ಟಿ ನಮಸ್ಕರಿಸಿದ. ಗೊನೆ ಆಗಲೇ ಶಾಲೆಗೆ ಹೋಗಿದೆಯೆಂದೂ, ಗೆಲ್ಲುವುದು ಖಂಡಿತವೆಂದು ಎರಡು ದಿನದಿಂದಲೇ ಕಂದು ಅಗೆದು ನಲವತ್ತೆರಡು ಸಿದ್ಧ ಮಾಡಿದ್ದೇನೆಂದೂ ಹಿಗ್ಗಿನಿಂದ ಹೇಳಿದ. ಗುಡ್ಡಪ್ಪನವರು ಕೇಳಿಸಿಕೊಳ್ಳದೆ ಒಳಗೆ ನಡೆದರು.

ಕಂಪ್ಲಿಯಿಂದ ಬಂದ ಹತ್ತು ಕಂದು ನೆಟ್ಟ ಸಾಲಿನಲ್ಲಿ ನಾಲ್ಕು ಗುಂಡಿಗಳು ಖಾಲಿಯಿದ್ದವು. ಉಳಿದ ಗಿಡಗಳ ಎಲೆಗಳು ಅಂಚಿನಿಂದ ಹಳದಿಯಾಗಿ, ದಂಟಿನಲ್ಲೇ ಮುರಿದು, ಲಂಗದಂತೆ ದಿಂಡಿನ ಸುತ್ತ ಜೋತುಬಿದ್ದಿದ್ದವು. ಒಂದರ ಬುಡ ಉದ್ದಕ್ಕೆ ಸೀಳಿತ್ತು.

“ನೀರು ಕಮ್ಮಿ ಬಿಟ್ರು ದೊಡ್ಡಪ್ಪ, ಅದಕ್ಕ ಹಂಗಾಗ್ಯಾವ” ಎಂದ ಕನಕರಾಜ. “ಗೆಲ್ಲೂ ಗೊನಿ ಈ ಸಾಲಿಂದಲ್ಲ, ಪಕ್ಕದ ಸಾಲಿಂದು. ಅದು ಎಷ್ಟು ಚಂದ ಐತಿ ನೋಡ್ರಿ.”

ಪಕ್ಕದ ಸಾಲು ನಿಜವಾಗಿಯೂ ಹಸಿರಾಗಿತ್ತು. ಗುಡ್ಡಪ್ಪನವರು ಮಂಡಿ ಹಿಡಿದುಕೊಂಡು ಬಗ್ಗಿ, ಗೊನೆ ಕಡಿದ ಗಿಡದ ಅತ್ಯಂತ ಕೆಳಗಿನ ಎಲೆಯನ್ನು ಎತ್ತಿ ನೋಡಿದರು. ಅಂಚಿನಲ್ಲಿ ಬೆರಳಗಲದ ಹಳದಿ ಗೆರೆಯಿತ್ತು. ಅವರು ಎಲೆಯನ್ನು ಮೆಲ್ಲಗೆ ಬಿಟ್ಟರು.

“ಕನಕ, ಕಂದು ಎಲ್ಲಿ ಅದಾವ?”

“ಶಾಲ್ಯಾಗ. ಹಂದರದ ಕೆಳಗ ಇಟ್ಟೀನಿ.”

“ಹಂಚಬ್ಯಾಡ.”

ಕನಕರಾಜನ ಮುಖ ಕಪ್ಪಿಟ್ಟಿತು. ಶಾಲೆಯವರೆಗೂ ಅವನು ದೊಡ್ಡಪ್ಪನ ಹಿಂದೆಯೇ ಬಂದ. “ಐದು ವರ್ಷ ನಿಮ್ಮ ಹೆಸರು ಹೇಳಿಕೊಂತ ದುಡದೀನಿ. ಇವತ್ತೊಂದು ದಿನ ಸುಮ್ನಿರ್ರಿ. ನಾಳೆ ನಾನ ಕಿತ್ತು ಸುಡ್ತೀನಿ.”

“ನಾಳೆ ಹೊತ್ತಿಗೆ ಅವು ಊರಾಗಿನ ಎಲ್ಲಾ ತ್ವಾಟದಾಗ ಇರ್ತಾವ.”

“ರೋಗ ಅಲ್ಲದಿದ್ರ? ಮಂದಿ ಮುಂದ ನನ್ನ ಮಾನ ಹೋಗತೈತಲ್ಲ.”

ಗುಡ್ಡಪ್ಪನವರು ನಿಂತರು. “ಅಲ್ಲದಿದ್ರ ನಿನ್ನ ಕಾಲು ಹಿಡೀತೀನಿ” ಎಂದರು. ಆ ಮಾತನ್ನು ಅವರು ಬೈಗುಳವಾಗಿ ಆಡಲಿಲ್ಲ, ಹರಕೆ ಹೊತ್ತವರಂತೆ ಆಡಿದರು.

ಅಂಗಳದಲ್ಲಿ ಊರೆಲ್ಲ ನೆರೆದಿತ್ತು. ಪ್ರದರ್ಶನದ ಅಧ್ಯಕ್ಷರು ಅಕ್ಕಿ ಗಿರಣಿಯ ಹಾಲಸ್ವಾಮಿಯವರು. ಕನಕರಾಜನ ಗೊನೆ ನಡುವಿನ ಬಿದಿರನ್ನು ಬಗ್ಗಿಸಿಕೊಂಡು ತೂಗುತ್ತಿತ್ತು; ಅದರ ಪರಿಮಳ ಗೇಟಿನವರೆಗೂ ಬರುತ್ತಿತ್ತು. ಹಾಗಿರುವಾಗ ಯಾರಿಗೆ ತಾನೇ ಸಂಶಯ ಬಂದೀತು? ಮೊದಲ ಬಹುಮಾನ ಅದಕ್ಕೇ ಬಂತು. ಹಾಲಸ್ವಾಮಿಯವರು ಶಾಲು ಹೊದಿಸಿ, “ಈ ಪ್ರದರ್ಶನ ಹುಟ್ಟಿಸಿದ ನಮ್ಮ ಗುಡ್ಡಪ್ಪ ಐದು ವರ್ಷದ ಮ್ಯಾಲೆ ಊರಿಗೆ ಬಂದಾರ. ಕಂದು ಅವರ ಕೈಲೇ ಹಂಚಸೂಣು. ಬರ್ರಿ ಗುಡ್ಡಪ್ಪ” ಎಂದು ಕರೆದರು. ಜನ ಚಪ್ಪಾಳೆ ತಟ್ಟಿತು.

ಗುಡ್ಡಪ್ಪನವರು ಕಂದಿನ ರಾಶಿಯ ಮುಂದೆ ಕುಳಿತರು. ಮೊದಲ ಸಾಲಿನಲ್ಲಿದ್ದವರು ಕೈ ಚಾಚಿಕೊಂಡು ಬಂದರು.

“ಒಂದು ಮಚ್ಚು ಕೊಡ್ರಿ” ಎಂದರು ಗುಡ್ಡಪ್ಪನವರು.

“ಮಚ್ಚು ಯಾಕ್ರಿ? ಕಂದು ಕೊಡ್ರಿ ಅಂದ್ರ” ಎಂದು ಯಾರೋ ನಕ್ಕರು.

ಎಳನೀರು ಕೆತ್ತುವ ಮಚ್ಚು ಬಂತು. ಅವರು ರಾಶಿಯಿಂದ ಒಂದು ಕಂದನ್ನು ತೆಗೆದುಕೊಂಡರು. ಅದರ ಮಣ್ಣನ್ನು ಹೆಬ್ಬೆರಳಿನಿಂದ ಒಮ್ಮೆ ಸವರಿದರು. ಆಮೇಲೆ ಗೆಡ್ಡೆಯನ್ನು ಅಡ್ಡಲಾಗಿ ಕಡಿದರು. ಬಿಳಿಯ ಗೆಡ್ಡೆಯೊಳಗೆ ತುಕ್ಕಿನ ಬಣ್ಣದ ಚುಕ್ಕೆಗಳು ಉಂಗುರ ಕಟ್ಟಿದ್ದವು. ಇನ್ನೊಂದು ಕಡಿದರು, ಅದೂ ಹಾಗೆಯೇ. ಮೂರನೆಯದರಲ್ಲಿ ಉಂಗುರ ಇನ್ನೂ ದಟ್ಟವಾಗಿತ್ತು. ಚಾಚಿದ್ದ ಕೈಗಳು ಹಿಂದಕ್ಕೆ ಸರಿದವು.

“ಇದು ಸೊರಗು ರೋಗ” ಎಂದರು ಗುಡ್ಡಪ್ಪನವರು. “ಕನಕನ ತಪ್ಪಲ್ಲ. ಕಂಪ್ಲಿಯಿಂದ ಕಂದು ಕಳಿಸಿದವ ನಾನು. ಮಣ್ಣು ತೊಳೀಬ್ಯಾಡ ಅಂತ ಅವಗ ಹೇಳಿದವನೂ ನಾನ. ಈ ಕಂದು ಒಂದೂ ಅಂಗಳ ದಾಟಬಾರದು. ಇಲ್ಲೇ ಸುಡ್ರಿ. ನಮ್ಮ ತ್ವಾಟನೂ ಸುಡ್ರಿ.”

ಕನಕರಾಜ ಶಾಲನ್ನು ತೆಗೆದು ಮಡಚಿ ಕುರ್ಚಿಯ ಮೇಲಿಟ್ಟ. ಆಮೇಲೆ ತಾನೇ ಮುಂದೆ ಬಂದು ಕಂದುಗಳನ್ನು ಒಂದೊಂದಾಗಿ ಗೋಣಿಗೆ ತುಂಬತೊಡಗಿದ. ತುಂಬುತ್ತಲೇ ಮನಸ್ಸಿನಲ್ಲಿ ಎಣಿಸುತ್ತಿದ್ದನೆಂದು ತೋರುತ್ತದೆ. ಕಡೆಯದನ್ನು ಹಾಕಿ ತಲೆ ಎತ್ತಿದ.

“ದೊಡ್ಡಪ್ಪ, ಕಡಿದವು ಸೇರಿ ನಲವತ್ತ ಅದಾವ. ಎರಡು ಇಲ್ಲ.”

ಯಾರೂ ತೆಗೆದುಕೊಂಡಿಲ್ಲವೆಂದರು. ಅಷ್ಟರಲ್ಲಿ ಯಲ್ಲಕ್ಕ ಪೇರಲದ ಹಂದರದ ಕಡೆಯಿಂದ, ಏನೂ ತಿಳಿಯದವಳಾಗಿ, ಒಂದು ಕಾಯಿ ಕಡಿಯುತ್ತ ಬಂದಳು.

“ಎರಡು ನಾ ಒಯ್ದೀನಪಾ. ಸಾಲಿನ್ಯಾಗ ನಿಂದ್ರಾಕ ನನ್ನ ಕೈಲಿ ಆಗಂಗಿಲ್ಲ ಅಂತ ಕನಕನ ಹೆಂಡ್ತಿ ಹೇಮಾನ್ನ ಕೇಳೇ ತಗೊಂಡೆ. ಕದ್ದಿಲ್ಲ. ಯಾಕ ಎಲ್ಲಾರೂ ನನ್ನ ಹಂಗ ನೋಡ್ತೀರಿ?”

“ನೆಟ್ಟಿಯೇನು?” ಎಂದು ಕೇಳಿದರು ಗುಡ್ಡಪ್ಪನವರು.

“ಇನ್ನೂ ಎಲ್ಲಿ ನೆಟ್ಟೀನಿ? ಒಣಗಬಾರದಂತ ನೀರಾಗ ಇಟ್ಟೀನಿ.”

“ಯಾವ ನೀರಾಗ?”

“ಕಾಲುವ್ಯಾಗ. ತೂಬಿನ ಕಡೆ, ಹಗ್ಗ ಕಟ್ಟಿ ಬಿಟ್ಟೀನಿ. ನಿನ್ನಿ ಮುಂಜಾನಿಂದ.”

ಗುಡ್ಡಪ್ಪನವರು ಎದ್ದರು. ಮಂಡಿನೋವಿನ ಮನುಷ್ಯ ಅಷ್ಟು ವೇಗವಾಗಿ ನಡೆದದ್ದನ್ನು ನಾನು ಕಂಡಿರಲಿಲ್ಲ. ಊರೆಲ್ಲ ಹಿಂದೆ ಬಂದಿತು. ತೂಬಿನ ಗೂಟಕ್ಕೆ ಹಗ್ಗ ಕಟ್ಟಿತ್ತು. ಹಗ್ಗದ ತುದಿಯಲ್ಲಿ ಎರಡು ಕಂದುಗಳು ಹರಿಯುವ ನೀರಿನಲ್ಲಿ ಮೆಲ್ಲಗೆ ಓಲಾಡುತ್ತಿದ್ದವು. ಗುಡ್ಡಪ್ಪನವರು ಧೋತರ ಎತ್ತಿಕೊಳ್ಳದೆಯೇ ನೀರಿಗೆ ಇಳಿದು ಅವನ್ನು ಮೇಲೆತ್ತಿದರು. ಬೇರಿನ ಸಂದಿಯಲ್ಲಿಯೂ ಒಂದು ಕಣ ಮಣ್ಣು ಉಳಿದಿರಲಿಲ್ಲ. ಅಷ್ಟು ಶುಭ್ರವಾಗಿ ತೊಳೆದ ಕಂದನ್ನು ಅವರು ತಮ್ಮ ಜೀವಮಾನದಲ್ಲಿ ಹಿಡಿದಿರಲಿಕ್ಕಿಲ್ಲ.

ತೂಬಿನಿಂದ ಕೆಳಗೆ ಆ ಕಾಲುವೆಗೆ ನಲವತ್ತೊಂದು ತೋಟಗಳು. ಹಿಂದಿನ ದಿನವೂ ಅಂದೂ ಎಲ್ಲರೂ ತಮ್ಮ ಪಾಳಿಯ ನೀರು ಹಾಯಿಸಿದ್ದರು. ಕೆಳಗಿನ ಒಂದು ತೋಟದಲ್ಲಿ ಆಗಲೂ ನೀರು ಹೊರಳುವ ಸದ್ದು ಕೇಳುತ್ತಿತ್ತು.

“ಎರಡ ಕಂದು ಅಲ್ಲೇನಪಾ” ಎಂದಳು ಯಲ್ಲಕ್ಕ. ಅವಳ ದನಿಯಲ್ಲಿ ಹರಿತ ಉಳಿದಿರಲಿಲ್ಲ. ಗುಡ್ಡಪ್ಪನವರು ಅವಳಿಗೆ ಒಂದು ಕಠಿಣವಾದ ಮಾತನ್ನೂ ಆಡಲಿಲ್ಲ.

ಅವರು ಕಂಪ್ಲಿಗೆ ಹಿಂದಿರುಗಲಿಲ್ಲ. ಮಗಳು ಎರಡು ಸಲ ಬಂದು ಕರೆದು ಹೋದಳು. ಕನಕರಾಜ ತೋಟವನ್ನು ಕಿತ್ತು ಸುಟ್ಟು, ಬರಿದಾದ ನೆಲಕ್ಕೆ ಬತ್ತ ಹಾಕಿದ್ದಾನೆ. ದೊಡ್ಡಪ್ಪನಿಗೆ ಊಟಕ್ಕೆ ಮಾತ್ರ ಕರೆಯುತ್ತಾನೆ, ಬೇರೆ ಮಾತಿಲ್ಲ. ಗುಡ್ಡಪ್ಪನವರು ಪ್ರತಿ ದಿನ ಬೆಳಿಗ್ಗೆ ಕೋಲೂರಿಕೊಂಡು ಒಂದೊಂದು ತೋಟಕ್ಕೆ ಹೋಗುತ್ತಾರೆ. ಒಳಗೆ ಕಾಲಿಡುವ ಮೊದಲು ಬಕೆಟ್ಟಿನ ಸುಣ್ಣದ ನೀರಿನಲ್ಲಿ ಪಾದ ತೊಳೆಯುತ್ತಾರೆ. ಸಾಲು ಸಾಲಾಗಿ ಬಗ್ಗಿ ಕೆಳಗಿನ ಎಲೆಗಳನ್ನು ಎತ್ತಿ ನೋಡುತ್ತಾರೆ. ಅವರು ಯಾವುದಾದರೂ ಗಿಡದ ಮುಂದೆ ಸ್ವಲ್ಪ ಹೆಚ್ಚು ಹೊತ್ತು ನಿಂತರೆ, ಆ ತೋಟದ ಹೆಂಗಸರು ಕುಡುಗೋಲು ಕೆಳಗಿಟ್ಟು ಅವರ ಮುಖವನ್ನೇ ನೋಡುತ್ತಾರೆ. ಒಂದು ಕಾಲಕ್ಕೆ ಹಣ್ಣು ಮೂಸಿ ಹೆಸರು ಹೇಳುತ್ತಿದ್ದ ಮನುಷ್ಯನನ್ನು ಈಗ ಜನ ಅಂಗಳದಲ್ಲಿ ಕಂಡರೆ ಅಂಜುತ್ತಾರೆ.

ಇಲ್ಲಿಯವರೆಗೆ ಏನೂ ಸಿಕ್ಕಿಲ್ಲ. ನೀರಿನ ಜೊತೆ ಬಂದು ಮಣ್ಣು ಸೇರಿದ ರೋಗ ಗಿಡದಲ್ಲಿ ಕಾಣಿಸಿಕೊಳ್ಳಲು ಕೆಲವು ತಿಂಗಳು ಬೇಕಂತೆ.

ನಮ್ಮ ಹಿತ್ತಲಿನಲ್ಲಿಯೂ ಕಾಲುವೆಯ ನೀರು ಕುಡಿಯುವ ಮೂರು ಬಾಳೆಗಿಡಗಳಿವೆ. ನಿನ್ನೆ ಅವರು ಬಂದಿದ್ದರು. ಎರಡನ್ನು ಬೇಗ ನೋಡಿ ಮುಗಿಸಿದರು. ಮೂರನೆಯದರ ಕೆಳಗಿನ ಎಲೆಯನ್ನು ಎತ್ತಿ ಹಿಡಿದು, ಬೆಳಕಿಗೆ ತಿರುಗಿಸಿ, ಮತ್ತೆ ತಿರುಗಿಸಿ ನೋಡಿದರು. ನಾನು ಏನೆಂದು ಕೇಳಿದೆ.

“ನಾಳೆ ಬರ್ತೀನಿ ಮೇಷ್ಟ್ರೆ” ಎಂದು ಹೇಳಿ, ಮಾಡಿಟ್ಟ ಚಹಾವನ್ನು ಮುಟ್ಟದೆ ಅವರು ಹೊರಟುಹೋದರು.